ಬಾಲ್ಯದಲ್ಲೇ ಹೊಟ್ಟೆ ಸೇರುವ ಪೈಲೋರಿ

ಎಂಡೋಸ್ಕೋಪಿ ಕೋಣೆಯಲ್ಲಿ ರೋಗಿಯ ಗಮನಕ್ಕೆ ಬಾರದ ಒಂದು ಸಣ್ಣ ಪರೀಕ್ಷೆ ನಡೆಯುತ್ತದೆ. ಬಾಯಿಯಿಂದ ಇಳಿಸಿದ ಕೊಳವೆಯ ಮೂಲಕ ಜಠರದ ಕೆಳತುದಿಯನ್ನು ನೋಡುತ್ತಿರುವ ವೈದ್ಯರು ಒಳಗೋಡೆಯಿಂದ ಅಕ್ಕಿ ಕಾಳಿಗಿಂತ ಚಿಕ್ಕದಾದ ಚೂರೊಂದನ್ನು ಚಿವುಟಿ ತೆಗೆಯುತ್ತಾರೆ. ನರ್ಸ್ ಅದನ್ನು ಸೂಜಿಯ ಮೊನೆಯಲ್ಲಿ ಎತ್ತಿ, ಹಳದಿ ಬಣ್ಣದ ಪುಟ್ಟ ಗುಳಿಯೊಳಗೆ ಇಟ್ಟು, ರೋಗಿಯ ಹೆಸರು, ವೇಳೆ ಬರೆದು ಪಕ್ಕಕ್ಕಿಡುತ್ತಾರೆ. ಕೆಲವು ನಿಮಿಷಗಳಲ್ಲಿ, ಕೆಲವೊಮ್ಮೆ ಗಂಟೆ ಕಳೆದ ಮೇಲೆ, ಚೂರಿನ ಸುತ್ತ ಶುರುವಾದ ಕೆಂಪು ಹರಡಿಕೊಂಡು ಹಳದಿಯೆಲ್ಲ ಗಾಢ ಗುಲಾಬಿಯಾದರೆ ರಿಪೋರ್ಟಿನಲ್ಲಿ 'ಆರ್‌ಯುಟಿ ಪಾಸಿಟಿವ್' (ರ್ಯಾಪಿಡ್ ಯೂರಿಯೇಸ್ ಟೆಸ್ಟ್ ಪಾಸಿಟಿವ್) ಎಂದು ಬರುತ್ತದೆ.

ಬಣ್ಣ ಬದಲಾಗಲು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಗುಳಿಯಲ್ಲಿ ಯೂರಿಯಾ ಇರುತ್ತದೆ, ಜೊತೆಗೆ ಕ್ಷಾರ ತಾಗಿದರೆ ಬಣ್ಣ ಬದಲಿಸುವ ದ್ರವ್ಯ ಇರುತ್ತದೆ. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ತಯಾರಿಸಿ ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹೊಟ್ಟೆಯೊಳಗೆ ಅದು ಬದುಕಿ ಉಳಿಯುವುದೂ ಇದೇ ಬಲದಿಂದ. ತನ್ನ ಸುತ್ತ ಅಮೋನಿಯಾ ಹಬ್ಬಿಸಿಕೊಂಡು ಆಮ್ಲದ ತೀಕ್ಷ್ಣತೆ ತಗ್ಗಿಸಿಕೊಳ್ಳುತ್ತದೆ. ಸುರುಳಿ ಮೈ, ತುದಿಯ ಬಾಲಗಳ ಸಹಾಯದಿಂದ ಲೋಳೆಪದರ ಕೊರೆದು ಒಳಸೇರುತ್ತದೆ. ಔಷಧ ಕೊಟ್ಟು ತೆಗೆಯದಿದ್ದರೆ ಸಾಮಾನ್ಯವಾಗಿ ಜೀವಮಾನವಿಡೀ ಅಲ್ಲೇ ಇರುತ್ತದೆ.

ಇದು ಎಷ್ಟು ಜನರಲ್ಲಿದೆ? 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, 2015ರ ಹೊತ್ತಿಗೆ ಸುಮಾರು 440 ಕೋಟಿ ಜನರಲ್ಲಿ ಈ ಸೋಂಕು ಇತ್ತೆಂದು ಅಂದಾಜು ಮಾಡಿತು. ಎಂದರೆ ಭೂಮಿಯ ಮೇಲಿನ ಅರ್ಧಕ್ಕಿಂತ ಹೆಚ್ಚು ಜನ. ನೈಜೀರಿಯಾದಲ್ಲಿ ಶೇ 87ಕ್ಕೂ ಮಿಗಿಲು, ಸ್ವಿಟ್ಜರ್ಲೆಂಡಿನಲ್ಲಿ ಶೇ 19ರಷ್ಟು, ಭಾರತದಲ್ಲಿ ಶೇ 63ರ ಆಸುಪಾಸು. ಆಮೇಲಿನ ಲೆಕ್ಕಗಳಲ್ಲಿ ಜಾಗತಿಕ ಪ್ರಮಾಣ ಇಳಿಮುಖವಾಗಿದೆ, ವಯಸ್ಕರಲ್ಲಿ ಈಗ ಶೇ 44ರ ಹತ್ತಿರ ಇದೆ. ಇಳಿದ ಮೇಲೂ ಇಷ್ಟೊಂದು ಜನರಲ್ಲಿ, ಇಷ್ಟೊಂದು ವರ್ಷ ನೆಲೆಸುವ ಬ್ಯಾಕ್ಟೀರಿಯಾ ಸೋಂಕು ಬೇರೊಂದಿಲ್ಲವೆಂದೇ ಹೇಳಬೇಕು.

ನಮ್ಮಲ್ಲಿ ಹೊಟ್ಟೆಯ ಎಲ್ಲ ತೊಂದರೆಗಳಿಗೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿದೆ. ಎದೆ ಉರಿದರೂ ಗ್ಯಾಸ್ಟ್ರಿಕ್, ಉಂಡದ್ದು ಅರಗದಿದ್ದರೂ ಗ್ಯಾಸ್ಟ್ರಿಕ್. ಕಾರಣ ಕೇಳಿದರೆ ಖಾರ ಜಾಸ್ತಿ ತಿಂದದ್ದು, ಹೊತ್ತಿಗೆ ಸರಿಯಾಗಿ ಉಣ್ಣದ್ದು, ಟೆನ್ಷನ್. ವೈದ್ಯಶಾಸ್ತ್ರವೂ 40 ವರ್ಷದ ಹಿಂದಿನವರೆಗೆ ಅಲ್ಸರ್ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು. ಅಷ್ಟು ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಸಲಾರದು ಎಂಬುದು ಗಟ್ಟಿ ನಂಬಿಕೆ.

ಅದನ್ನು ಅಲುಗಿಸಿದವರು ಆಸ್ಟ್ರೇಲಿಯಾದ ಪರ್ತ್ ನಗರದ ಇಬ್ಬರು. ರಾಯಲ್ ಪರ್ತ್ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರೆನ್ 1979ರಲ್ಲಿ ಉರಿಯೂತವಿದ್ದ ಜಠರದ ಚೂರುಗಳಲ್ಲಿ ಬಾಗಿದ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ಎರಡು ವರ್ಷದ ಬಳಿಕ ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಇಬ್ಬರೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ನೋಡಿದರು, ಬೆಳೆಯಲಿಲ್ಲ. ವಾಡಿಕೆಯಂತೆ ಎರಡು ದಿನಕ್ಕೇ ತಟ್ಟೆಗಳನ್ನು ಎಸೆಯಲಾಗುತ್ತಿತ್ತು. 1982ರ ಈಸ್ಟರ್ ರಜೆಯಲ್ಲಿ ಒಂದು ತಟ್ಟೆ ಹೆಚ್ಚು ದಿನ ಉಳಿದುಕೊಂಡಿತು. ರಜೆ ಮುಗಿಸಿ ಬಂದು ನೋಡಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಆದರೂ ವೈದ್ಯಲೋಕ ಒಪ್ಪಲು ತಯಾರಿರಲಿಲ್ಲ. 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಕುಡಿದರು. ಕೆಲವೇ ದಿನಗಳಲ್ಲಿ ಹೊಟ್ಟೆ ತೊಳಸಿ ವಾಂತಿ ಶುರುವಾಯಿತು, ಬಾಯಿಯ ದುರ್ವಾಸನೆ ಮನೆಯವರಿಗೂ ತಿಳಿಯಿತು. ಮತ್ತೆ ಎಂಡೋಸ್ಕೋಪಿ ಮಾಡಿದಾಗ, ಮೊದಲು ಚೆನ್ನಾಗಿದ್ದ ಜಠರದಲ್ಲಿ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಬ್ಯಾಕ್ಟೀರಿಯಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತ್ತು.

ಈ ಕಥೆ ಈಗ ಪಠ್ಯಪುಸ್ತಕ ಸೇರಿದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು, ಮಾರ್ಷಲ್ ಅವರಂತೆ ದೊಡ್ಡವರಾದ ಮೇಲೆ ಸೋಂಕು ತಗುಲಿಸಿಕೊಂಡವರು ತೀರಾ ಅಪರೂಪ ಎಂಬುದು. ಉಳಿದವರಿಗೆ ಅದು ಬರುವುದು ಬಾಲ್ಯದಲ್ಲಿ, ಬಹುತೇಕ ಐದು ವರ್ಷ ತುಂಬುವ ಮೊದಲೇ. 50ರ ವಯಸ್ಸಿನಲ್ಲಿ ಅಲ್ಸರ್ ಒಡೆದು ರಕ್ತ ಕಾರಿಕೊಂಡು ಆಸ್ಪತ್ರೆ ಸೇರುವವರ ಕಾಯಿಲೆಯ ಬೇರು ಅವರು ತೊಟ್ಟಿಲು ಬಿಟ್ಟು ಅಂಬೆಗಾಲಿಟ್ಟ ಮನೆಯಲ್ಲಿದೆ.

ಹುಟ್ಟಿದ ವರ್ಷ ಹೇಳುವ ಲೆಕ್ಕ

ಜಪಾನಿನ ಅಂಕಿಅಂಶ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ 1950ಕ್ಕೆ ಮೊದಲು ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಸೋಂಕು ಇತ್ತು. 2000ದ ಆಸುಪಾಸಿನಲ್ಲಿ ಹುಟ್ಟಿದವರಲ್ಲಿ ಅದು ಹತ್ತರಲ್ಲಿ ಒಬ್ಬರಿಗೂ ಇಲ್ಲ. ಹಿರಿಯರಲ್ಲಿ ಸೋಂಕು ಹೆಚ್ಚಿರುವುದನ್ನು ನೋಡಿ ವಯಸ್ಸಾದಂತೆ ಇದು ತಗುಲುತ್ತದೆ ಎಂದುಕೊಳ್ಳುವುದು ಸಹಜ. ವಾಸ್ತವದಲ್ಲಿ ಅವರು ಹುಟ್ಟಿದ ಕಾಲದ ಜಪಾನ್ ಬೇರೆಯಾಗಿತ್ತು. ಯುದ್ಧದ ನಂತರ ಕೊಳಾಯಿ ನೀರು ಬಂತು, ಚರಂಡಿ ವ್ಯವಸ್ಥೆ ಬಂತು, ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಸೋಂಕಿಗೆ ಲಸಿಕೆ ಇರಲಿಲ್ಲ, ಇಂದಿಗೂ ಬಳಕೆಗೆ ಬಂದಿಲ್ಲ. ಇಳಿಕೆ ಶುರುವಾದ ಕಾಲಕ್ಕೆ ಈ ಬ್ಯಾಕ್ಟೀರಿಯಾದ ಹೆಸರೇ ಯಾರಿಗೂ ಗೊತ್ತಿರಲಿಲ್ಲ.

1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಂಶೋಧಕರು ಸೋಂಕಿದ್ದ ಮತ್ತು ಇಲ್ಲದ ವಯಸ್ಕರಿಗೆ ಅವರ ಬಾಲ್ಯದ ಮನೆಯ ಬಗ್ಗೆ ಪ್ರಶ್ನೆ ಕೇಳಿದರು. ಕೋಣೆಗೆ ಎಷ್ಟು ಜನ ಮಲಗುತ್ತಿದ್ದಿರಿ? ಹಾಸಿಗೆ ಹಂಚಿಕೊಳ್ಳುತ್ತಿದ್ದಿರಾ? ಮನೆಯಲ್ಲಿ ಬಿಸಿನೀರಿನ ನಲ್ಲಿ ಇತ್ತೇ? ಇಕ್ಕಟ್ಟಿನಲ್ಲಿ ಬೆಳೆದವರು, ಬಿಸಿನೀರಿನ ಅನುಕೂಲ ಇಲ್ಲದವರು ದೊಡ್ಡವರಾಗಿ ಸ್ಥಿತಿವಂತರಾಗಿದ್ದರೂ ಅವರಲ್ಲಿ ಸೋಂಕು ಹೆಚ್ಚಿತ್ತು. ಬಡತನ ಬಿಟ್ಟು ಬಂದರೂ ಬಡತನದಲ್ಲಿ ಬಂದ ಬ್ಯಾಕ್ಟೀರಿಯಾ ಬಿಟ್ಟಿರಲಿಲ್ಲ.

ಕೊಲಂಬಿಯಾದ ಆಂಡೀಸ್ ಪರ್ವತದ ಅಲ್ಡಾನಾ ಎಂಬ ಹಳ್ಳಿಗಾಡಿನಲ್ಲಿ ಕರೆನ್ ಗುಡ್‌ಮನ್ ಮತ್ತು ಪೆಲಾಯೊ ಕೊರೆಯಾ ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮನೆಯಲ್ಲಿ ಮಕ್ಕಳು ಹೆಚ್ಚಿದ್ದಷ್ಟೂ ಸೋಂಕು ಹೆಚ್ಚು. ಅದರಲ್ಲೂ ಅಣ್ಣ ಅಕ್ಕಂದಿರಿಗೆ ಸೋಂಕಿದ್ದರೆ ಕಿರಿಯ ಮಗುವಿಗೆ ತಗುಲುವ ಸಾಧ್ಯತೆ ಜಾಸ್ತಿ. ವಯಸ್ಸಿನ ಅಂತರ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗುವ ಐದಾರು ವರ್ಷದ ಅಕ್ಕ ನಮ್ಮ ಊರುಗಳಲ್ಲೂ ಕಾಣುತ್ತಾಳಲ್ಲ, ಅವಳು ತಿನ್ನುವುದೆಲ್ಲ ಅವನಿಗೂ ಪಾಲು.

ಬ್ಯಾಕ್ಟೀರಿಯಾ ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರ ಬಾಯಿಗೆ ಹೋಗುವುದು ಹೇಗೆ? ಇದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಜೂಲಿ ಪಾರ್ಸೊನೆಟ್ ತಂಡ ಮಾಡಿದ ಪ್ರಯೋಗ ನಾನು ಓದಿದವುಗಳಲ್ಲೇ ಅತ್ಯಂತ ನೇರವಾದದ್ದು. ಸೋಂಕಿದ್ದೂ ಆರೋಗ್ಯವಾಗಿದ್ದ ಸ್ವಯಂಸೇವಕರಿಗೆ ಒಮ್ಮೆ ವಾಂತಿ ಬರಿಸುವ, ಇನ್ನೊಮ್ಮೆ ಭೇದಿ ಆಗಿಸುವ ಔಷಧ ಕೊಟ್ಟು ಎಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ ಎಂದು ನೋಡಿದರು. 1999ರಲ್ಲಿ ಬಂದ ಫಲಿತಾಂಶದಂತೆ ಎಲ್ಲರ ವಾಂತಿಯಲ್ಲೂ ಜೀವಂತ ಪೈಲೋರಿ ಇತ್ತು. ವಾಂತಿಯಾಗುವಾಗ ಪಕ್ಕದಿಂದ ಹಿಡಿದ ಗಾಳಿಯಲ್ಲೂ ಕೆಲವೊಮ್ಮೆ ಸಿಕ್ಕಿತು. ಜೊಲ್ಲಿನಲ್ಲಿ ಮಾಮೂಲಿಯಾಗಿ ಕಡಿಮೆ, ವಾಂತಿಯ ನಂತರ ಹೆಚ್ಚು. ಭೇದಿಯಾದಾಗ ಅರ್ಧದಷ್ಟು ಜನರ ಮಲದಲ್ಲಿ ಸಿಕ್ಕಿತು. ಅದೇ ತಂಡ ಮುಂದೆ ಕ್ಯಾಲಿಫೋರ್ನಿಯಾದ ಕುಟುಂಬಗಳನ್ನು ಹಿಂಬಾಲಿಸಿ, ಮನೆಯಲ್ಲಿ ಸೋಂಕಿರುವ ಯಾರಿಗಾದರೂ ವಾಂತಿಭೇದಿಯಾದರೆ ಉಳಿದವರಿಗೆ ಹೊಸದಾಗಿ ಪೈಲೋರಿ ತಗುಲುವ ಅಪಾಯ ಏರುವುದನ್ನು ತೋರಿಸಿತು.

ಈ ಸಂಗತಿ ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ನಮ್ಮಲ್ಲಿ ಎಂಜಲಿನ ವಿಚಾರದಲ್ಲಿ ಕಟ್ಟುನಿಟ್ಟು ಕಡಿಮೆಯೇನಿಲ್ಲ. ಚೊಂಬು, ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರೇ ಜಾಸ್ತಿ. ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಕೈ ಹಾಕುವುದಿಲ್ಲ. ಹಾಗಿದ್ದೂ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಜನರಲ್ಲಿ ಸೋಂಕು ಇದೆ. ನನ್ನ ತಿಳಿವಳಿಕೆಯಲ್ಲಿ ಇದಕ್ಕೆ ಕಾರಣ, ಆ ಕಟ್ಟುಪಾಡುಗಳೆಲ್ಲ ದೊಡ್ಡವರಿಗೆ. ಮಗು ಅವನ್ನು ಕಲಿಯುವಷ್ಟರಲ್ಲಿ ಪೈಲೋರಿ ಒಳಗೆ ಹೋಗಿ ಆಗಿರುತ್ತದೆ. ಹಾಗೆಂದು ಕೈತುತ್ತು ಕೊಡುವ ತಾಯಿಯನ್ನು ಹೆದರಿಸುವುದು ತಪ್ಪು. ತಾಯಿಗೂ ಮಗುವಿಗೂ ಒಂದೇ ತಳಿಯ ಬ್ಯಾಕ್ಟೀರಿಯಾ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ತಾನು ಅಗಿದು ಮಗುವಿನ ಬಾಯಿಗಿಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಆದರೆ ಹೆಚ್ಚು ಗಮನ ಬೇಕಿರುವುದು ವಾಂತಿ ಒರೆಸಿದ, ಮಗುವಿನ ಕಕ್ಕ ತೊಳೆದ ಮರುಗಳಿಗೆಗೆ. ಆಗ ಸೋಪು ಹಾಕಿ ಕೈ ತೊಳೆಯಲು ಹತ್ತಿರದಲ್ಲಿ ಧಾರಾಳ ನೀರು ಇರಬೇಕು. ಎರಡು ಬೀದಿ ದಾಟಿ ಕೊಡ ಹೊತ್ತು ತಂದ ನೀರನ್ನು ಯಾರೂ ಧಾರಾಳವಾಗಿ ಕೈಗೆ ಸುರಿದುಕೊಳ್ಳಲಾರರು.

ನೀರು ಬರುವ ದಿನ

ಪೆರು ದೇಶದ ಲಿಮಾ ನಗರದ ಮಕ್ಕಳ ಮೇಲಿನ 1991ರ ಅಧ್ಯಯನ ನೀರಿನ ಕಡೆ ಮೊದಲು ಬೆರಳು ತೋರಿಸಿತು. ಅದರಲ್ಲಿ ಕುತೂಹಲದ ಒಂದು ಅಂಶವಿತ್ತು. ಸ್ಥಿತಿವಂತರ ಮಕ್ಕಳಲ್ಲೂ, ನಗರಪಾಲಿಕೆಯ ನೀರು ಕುಡಿಯುವವರಿಗೆ ಸೋಂಕಿನ ಸಾಧ್ಯತೆ ಸಮುದಾಯ ಬಾವಿಯ ನೀರು ಕುಡಿಯುವವರಿಗಿಂತ 12 ಪಟ್ಟು ಹೆಚ್ಚಿತ್ತು. ನಮ್ಮ ನೆರೆಯ ಹೈದರಾಬಾದಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ತಿರುವುಮುರುವು. ಅಲ್ಲಿ ಬಾವಿ ನೀರು ಕುಡಿಯುವವರಲ್ಲೇ ಸೋಂಕು ಹೆಚ್ಚು, ನಲ್ಲಿ ನೀರಿನವರಲ್ಲಿ ಕಡಿಮೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಬಾವಿಯೋ ನಲ್ಲಿಯೋ ಎಂಬುದು ಮುಖ್ಯವಾಗದೆ, ಆ ನೀರಿಗೆ ಕೊಳಚೆ ಬೆರೆಯುತ್ತಿದೆಯೇ ಎಂಬುದು ಮುಖ್ಯವಾಗುತ್ತದೆ. ನೀರಿನಲ್ಲಿ ಪೈಲೋರಿ ಗುಂಡಗಿನ ರೂಪಕ್ಕೆ ತಿರುಗಿ ಪ್ರಯೋಗಾಲಯದಲ್ಲಿ ಬೆಳೆಯದಂತಾಗುವುದರಿಂದ ಅದನ್ನು ನೀರಿನಲ್ಲೇ ಹಿಡಿದು ತೋರಿಸುವುದು ಕಷ್ಟ. ಅದರ ವಂಶವಾಹಿಯ ಕುರುಹು ಮಾತ್ರ ಹಲವೆಡೆ ಸಿಕ್ಕಿದೆ.

ಕರ್ನಾಟಕದ ನಲ್ಲಿಗಳ ಬಗ್ಗೆ ನಮಗೆ ಒಂದು ಒಳ್ಳೆಯ ಪುರಾವೆ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ನೀರು ಬರುವ ದಿನವೆಂದರೆ ಅದಕ್ಕೆ ಬೇರೆಯದೇ ಮಹತ್ವ. ಮನೆಯವರೆಲ್ಲ ಡ್ರಮ್ಮು, ಬ್ಯಾರೆಲ್ಲು, ಕೊಡ, ಬಕೆಟ್ ತುಂಬಿಸಿಕೊಂಡು ಮುಂದಿನ ಸರದಿಯವರೆಗೆ ಅದರಲ್ಲೇ ಸುಧಾರಿಸಬೇಕು. 2008ರ ಹೊತ್ತಿಗೆ ಅವಳಿ ನಗರದ ಕೆಲವು ವಾರ್ಡುಗಳಿಗೆ ಪ್ರಾಯೋಗಿಕವಾಗಿ 24 ಗಂಟೆ ನೀರು ಕೊಡುವ ವ್ಯವಸ್ಥೆಯಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕಿಯರಾದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ವಾರ್ಡುಗಳ ನಲ್ಲಿ ನೀರನ್ನು ಪರೀಕ್ಷಿಸಿದರು. ಕೆಲವು ದಿನಗಳಿಗೊಮ್ಮೆ ಬರುವ ನೀರಿನ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಮಲದ ಮಾಲಿನ್ಯ ಸೂಚಿಸುವ ಇ. ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು. ನಿರಂತರ ನೀರಿನ ಮಾದರಿಗಳಲ್ಲಿ ಅದು ಶೇ 1ಕ್ಕಿಂತ ಕಡಿಮೆ. ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಇಲ್ಲವಾಗಿ, ಬಿರುಕುಗಳಿಂದ ಪಕ್ಕದ ಚರಂಡಿಯ ನೀರು ಒಳಕ್ಕೆ ಜಿನುಗುತ್ತದೆ. ಅವರು ಹುಡುಕಿದ್ದು ಪೈಲೋರಿಯನ್ನಲ್ಲ. ಆದರೆ ಮಲ ಬೆರೆಯುವ ದಾರಿ ತೆರೆದಿದ್ದರೆ ಆ ದಾರಿಯಲ್ಲಿ ಬರಬಲ್ಲ ಯಾವುದಕ್ಕೂ ತಡೆಯಿಲ್ಲ. ನೀರು ಸರಬರಾಜಿನ ಇಂಜಿನಿಯರ್ ಮಾಡುವ ಕೆಲಸ ಹೊಟ್ಟೆ ತಜ್ಞರ ಕೆಲಸಕ್ಕಿಂತ ಈ ವಿಷಯದಲ್ಲಿ ದೊಡ್ಡದು ಎಂದು ನಾನು ದೃಢವಾಗಿ ನಂಬುತ್ತೇನೆ.

ಮೈಸೂರಿನ ಶಸ್ತ್ರವೈದ್ಯರ ಪ್ರಶ್ನೆ

ಸೋಂಕಿರುವವರೆಲ್ಲ ಕಾಯಿಲೆ ಬೀಳುವುದಿಲ್ಲ. ಎಲ್ಲರ ಜಠರದಲ್ಲೂ ಸ್ವಲ್ಪ ಉರಿಯೂತ ಇರುತ್ತದೆ, ಆದರೆ ಅಲ್ಸರ್ ಆಗುವುದು ನೂರಕ್ಕೆ ಹತ್ತು-ಹದಿನೈದು ಮಂದಿಗೆ. ಕ್ಯಾನ್ಸರ್‌ಗೆ ತಿರುಗುವುದು ಒಂದರಿಂದ ಮೂವರಲ್ಲಿ. ಯಾರಿಗೆ, ಯಾಕೆ ಎಂಬ ಪ್ರಶ್ನೆಗೆ ಮೈಸೂರಿನ ಒಂದು ಕೊಂಡಿ ಇದೆ.

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಕಳೆದ ಶತಮಾನದ ಐವತ್ತು-ಅರವತ್ತರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಬ್ರಿಟಿಷ್ ಶಸ್ತ್ರವೈದ್ಯರಿದ್ದರು. ಆಗ ಅಲ್ಸರ್ ಬಲಿತರೆ ಆಪರೇಷನ್ನೇ ಗತಿ. ದಕ್ಷಿಣದಲ್ಲಿ ಇಷ್ಟೊಂದು ಸಿಗುವ ಸಣ್ಣಕರುಳಿನ ಅಲ್ಸರ್ ಉತ್ತರದ ಗೋಧಿ ಸೀಮೆಯಲ್ಲಿ ಯಾಕೆ ಕಡಿಮೆ ಎಂಬ ಪ್ರಶ್ನೆ ಅವರನ್ನು ಜೀವನವಿಡೀ ಬಿಡಲಿಲ್ಲ. ಭಾರತ ಮತ್ತು ಬಾಂಗ್ಲಾದೇಶದ ಅಲ್ಸರ್ ಹಂಚಿಕೆಯ ಬಗ್ಗೆ 1979ರಲ್ಲಿ ಬರೆದರು. ಪೈಲೋರಿ ಪತ್ತೆಯಾದ ಮೇಲೂ ಪ್ರಶ್ನೆ ಉಳಿಯಿತು, ಯಾಕೆಂದರೆ ಸೋಂಕು ಎರಡೂ ಕಡೆ ಹೆಚ್ಚು. ಅಕ್ಕಿಯೇ ಮುಖ್ಯವಾದ ಊಟ ಮತ್ತು ತೌಡು ತೆಗೆಯದ ಗೋಧಿ, ಕೆಲವು ಕಿರುಧಾನ್ಯ, ಬೇಳೆಕಾಳುಗಳ ಊಟ ಇವೆರಡರ ನಡುವೆ ವ್ಯತ್ಯಾಸವಿದೆ ಎಂಬುದು ಅವರ ವಾದ. ಅವರ ತಂಡ ಇಲಿಗಳ ಮೇಲೆ ಪ್ರಯೋಗಿಸಿ ಅಲ್ಸರ್ ತಡೆಯುವ ಗುಣ ಕಂಡದ್ದು ನಮ್ಮ ಹುರುಳಿಕಾಳಿನ ಕೊಬ್ಬಿನ ಅಂಶದಲ್ಲಿ. ಹುರುಳಿ ಸಾರು ಪೈಲೋರಿಯನ್ನು ಕೊಲ್ಲುತ್ತದೆಂದು ಇದರ ಅರ್ಥವಲ್ಲ, ಅದು ಔಷಧವೂ ಅಲ್ಲ. ಒಂದೇ ಸೋಂಕು ಬೇರೆ ಬೇರೆ ಊಟದ ಹೊಟ್ಟೆಗಳಲ್ಲಿ ಬೇರೆ ಬೇರೆಯಾಗಿ ವರ್ತಿಸಬಹುದು ಎಂಬ ಅವರ ಒತ್ತಾಯ ಮಾತ್ರ ಇಂದಿಗೂ ಪರಿಗಣಿಸುವಂಥದ್ದು.

ಕ್ಯಾನ್ಸರ್ ವಿಷಯದಲ್ಲೂ ಹೀಗೆಯೇ. ಸೋಂಕು ಇಷ್ಟಿದ್ದೂ ಭಾರತದಲ್ಲಿ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗಿಂತ ತೀರಾ ಕಡಿಮೆ. ಪೂರ್ವ ಏಷ್ಯಾದ ಪೈಲೋರಿ ತಳಿಗಳು ಹೆಚ್ಚು ಕ್ರೂರ ಎಂಬುದು ಒಂದು ಕಾರಣ. ಉಪ್ಪು, ಹೊಗೆಸೊಪ್ಪು, ಹೊಗೆಯಲ್ಲಿ ಒಣಗಿಸಿದ ಮಾಂಸ ಇನ್ನೊಂದು. ದೇಶದಲ್ಲಿ ಈ ಕ್ಯಾನ್ಸರ್ ಅತಿ ಹೆಚ್ಚಿರುವುದು ಮಿಜೋರಾಂನ ಐಜ್ವಾಲ್‌ನಲ್ಲಿ. ಅಲ್ಲಿ ಹೊಗೆಯಾಡಿಸಿದ ಮಾಂಸದ ಜೊತೆ ತುಯಿಬುರ್ ಎಂಬ, ತಂಬಾಕಿನ ಹೊಗೆ ಹಾಯಿಸಿದ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಯಿದೆ. ಬೆಂಗಳೂರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಕಿದ್ವಾಯಿ ಸಂಸ್ಥೆ ಎಂಬತ್ತರ ದಶಕದ ಆರಂಭದಿಂದ ಇಡುತ್ತಿರುವ ನೋಂದಣಿಯಲ್ಲಿ ನಗರದ ಗಂಡಸರಿಗೆ ಬರುವ ಪ್ರಮುಖ ಕ್ಯಾನ್ಸರ್‌ಗಳಲ್ಲಿ ಹೊಟ್ಟೆಯದೂ ಒಂದು.

ತಳಿಗಳ ಈ ವ್ಯತ್ಯಾಸದ ಹಿಂದೆ ಉದ್ದದ ಚರಿತ್ರೆಯಿದೆ. ಈ ಬ್ಯಾಕ್ಟೀರಿಯಾ ಮನುಷ್ಯರ ಜೊತೆ ಹತ್ತಾರು ಸಾವಿರ ವರ್ಷ ನಡೆದು ಬಂದಿದೆ. ನಮ್ಮ ಪೂರ್ವಿಕರು ಸುಮಾರು 58,000 ವರ್ಷಗಳ ಹಿಂದೆ ಆಫ್ರಿಕಾ ಬಿಟ್ಟು ಹೊರಟಾಗಲೇ ಹೊಟ್ಟೆಯಲ್ಲಿ ಅದು ಇತ್ತೆಂದು ತಳಿವಿಜ್ಞಾನಿಗಳ ಅಂದಾಜು. ಆಲ್ಪ್ಸ್ ಹಿಮದಲ್ಲಿ ಸಿಕ್ಕ 5,300 ವರ್ಷ ಹಳೆಯ 'ಓಟ್ಜಿ' ಎಂಬ ದೇಹದ ಹೊಟ್ಟೆಯಿಂದ ಪೈಲೋರಿಯ ಜೀನೋಮ್ ತೆಗೆದು 2016ರಲ್ಲಿ ಪ್ರಕಟಿಸಿದರು. ಅದು ಇಂದಿನ ಯುರೋಪಿನ ತಳಿಗಿಂತ ಮಧ್ಯ ಮತ್ತು ದಕ್ಷಿಣ ಏಷ್ಯಾದ, ನಮ್ಮ ಉತ್ತರ ಭಾರತದ ತಳಿಗಳಿಗೆ ಹತ್ತಿರವಾಗಿತ್ತು.

ಮಾತ್ರೆಯ ಮಾತು

ಹಾಗಾದರೆ ಎಲ್ಲರೂ ಪರೀಕ್ಷೆ ಮಾಡಿಸಿ ಮಾತ್ರೆ ನುಂಗಬೇಕೇ? ಜಪಾನಿನ ಸಾಗಾ ಪ್ರಾಂತ್ಯ 2016ರಿಂದ ಹದಿನೈದರ ಹರೆಯದ ಶಾಲಾ ಮಕ್ಕಳನ್ನೇ ಪರೀಕ್ಷಿಸಿ ಸೋಂಕಿದ್ದವರಿಗೆ ಚಿಕಿತ್ಸೆ ಕೊಡುತ್ತಿದೆ. ನೂರರಲ್ಲಿ ಕೆಲವೇ ಮಕ್ಕಳಿಗೆ ಸೋಂಕು ಇರುವಲ್ಲಿ ಅದು ಸಾಧ್ಯ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ವಾರ ಎರಡೆರಡು ಆ್ಯಂಟಿಬಯೋಟಿಕ್ ಕೊಟ್ಟರೆ, ಬೇರೆ ರೋಗಾಣುಗಳೂ ಆ ಔಷಧಗಳಿಗೆ ಬಗ್ಗದಂತಾಗುತ್ತವೆ. ನೀರು ಬದಲಾಗದಿದ್ದರೆ ಮಕ್ಕಳಿಗೆ ಸೋಂಕು ಮರಳಿ ಬರುತ್ತದೆ. ಈಗಾಗಲೇ ಸ್ಥಿತಿ ಚೆನ್ನಾಗಿಲ್ಲ. ಭೇದಿಗೆಂದು ನಾವು ದಶಕಗಳಿಂದ ಚೀಟಿಯಿಲ್ಲದೆ ಕೊಂಡು ನುಂಗಿದ ಮೆಟ್ರೊನಿಡಜೋಲ್ ಮಾತ್ರೆಗೆ ಭಾರತದ ಪೈಲೋರಿ ತಳಿಗಳಲ್ಲಿ ಬಹುಪಾಲು ಬಗ್ಗುವುದಿಲ್ಲ. ಕ್ಲಾರಿತ್ರೊಮೈಸಿನ್ ಕೂಡ ಅದೇ ಹಾದಿಯಲ್ಲಿದೆ.

ಚಿಕಿತ್ಸೆ ಬೇಕಾದವರು ಇದ್ದಾರೆ. ಅಲ್ಸರ್ ಇದ್ದವರು, ಹಿಂದೆ ಅಲ್ಸರ್‌ನಿಂದ ರಕ್ತ ಹೋದವರು, ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಬಂದವರು, ಮಂಡಿನೋವಿಗೋ ಹೃದಯಕ್ಕೋ ನೋವಿನ ಮಾತ್ರೆ, ಆಸ್ಪಿರಿನ್ ದೀರ್ಘಕಾಲ ತೆಗೆದುಕೊಳ್ಳಬೇಕಾದವರು ವೈದ್ಯರ ಬಳಿ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು. ಉಸಿರಿನ ಪರೀಕ್ಷೆ ಇದೆ, ಮಲದ ಪರೀಕ್ಷೆ ಇದೆ. ತೂಕ ಇಳಿಯುತ್ತಿದ್ದರೆ, ಮಲ ಡಾಂಬರಿನಂತೆ ಕಪ್ಪಾದರೆ, ನುಂಗಲು ಕಷ್ಟವಾದರೆ ನೇರ ಎಂಡೋಸ್ಕೋಪಿಯೇ ಆಗಬೇಕು. ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ನುಂಗಿ ದಿನ ದೂಡುವವರು ನಮ್ಮಲ್ಲಿ ಬಹಳ. ಆ ಮಾತ್ರೆ ಆಮ್ಲ ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡುವುದಿಲ್ಲ. ಮೇಲಾಗಿ ಸೋಂಕಿದ್ದರೂ ಪರೀಕ್ಷೆಯಲ್ಲಿ ಕಾಣದಂತೆ ಮಾಡುತ್ತದೆ. ವೈದ್ಯರಿಗೆ ಹೇಳಿ ಎರಡು ವಾರ ಮೊದಲೇ ಅದನ್ನು ನಿಲ್ಲಿಸಬೇಕು.

ಔಷಧಿ ಅಂಗಡಿಯಲ್ಲಿ ಸಿಗುವ ಕಿಟ್‌ನಲ್ಲಿ ಆಯಾ ದಿನದ ಮಾತ್ರೆಗಳು ಒಂದೇ ಪಟ್ಟಿಯಲ್ಲಿರುತ್ತವೆ. ಮೂರನೆಯ ದಿನಕ್ಕೇ ಬಾಯಿ ಕಹಿಯಾಗುತ್ತದೆ, ಬಿಸ್ಮತ್ ಇದ್ದರೆ ನಾಲಿಗೆ, ಮಲ ಕಪ್ಪಾಗುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಹೆದರಿ ನಿಲ್ಲಿಸಿಬಿಡುತ್ತಾರೆ, ಅರ್ಧಕ್ಕೆ ನಿಂತ ಕೋರ್ಸ್‌ನಿಂದ ಉಳಿದುಕೊಂಡ ಬ್ಯಾಕ್ಟೀರಿಯಾ ಮುಂದಿನ ಸಲಕ್ಕೆ ಇನ್ನೂ ಗಟ್ಟಿ. ಹದಿನಾಲ್ಕು ದಿನ ಪೂರ್ತಿ ಮುಗಿಸಿ, ನಾಲ್ಕು ವಾರ ಬಿಟ್ಟು, ಹೋಯಿತೋ ಇಲ್ಲವೋ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು. ಈ ಎರಡನೆಯ ಪರೀಕ್ಷೆಗೆ ರಕ್ತ ಕೊಟ್ಟು ಪ್ರಯೋಜನವಿಲ್ಲ. ರಕ್ತದ ಪರೀಕ್ಷೆ ನೋಡುವುದು ಪ್ರತಿಕಾಯಗಳನ್ನು, ಅವು ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿದಿರುತ್ತವೆ. ಉಸಿರಿನದ್ದೋ ಮಲದ್ದೋ ಪರೀಕ್ಷೆಯನ್ನೇ ಕೇಳಬೇಕು.